ಅಜ್ಜಂಪುರದ ಲಿಂಗಮ್ಮ ಮಗಳನ್ನು ಡಾಕ್ಟರು ಮಾಡಿದ್ದು

ಅಜ್ಜಂಪುರದ ಕುರುಬರ ಕೇರಿಯಲ್ಲಿ ಹೆಂಗಸರು ಉಣ್ಣೆ ನೂಲುತ್ತಿದ್ದರು, ಗಂಡಸರು ಕಂಬಳಿ ನೇಯುತ್ತಿದ್ದರು. ಕೆಲಸವನ್ನು ಹೀಗೆ ಹಂಚಿದವರು ಯಾರೆಂದು ಯಾರೂ ಕೇಳಿರಲಿಲ್ಲ. ಲಿಂಗಮ್ಮನ ಗಂಡ ತಿಮ್ಮಪ್ಪ ಪ್ಲೇಗಿನಲ್ಲಿ ತೀರಿಹೋದಾಗ ಮನೆಯ ಗುಂಡಿಮಗ್ಗ ನಿಂತಿತು. ಸೂತಕ ಕಳೆಯುತ್ತಿದ್ದಂತೆ ಮೈದುನ ಸಿದ್ದಪ್ಪ ಬಂದು, ಮಗ್ಗವನ್ನು ತನ್ನ ಮನೆಗೆ ಸಾಗಿಸುತ್ತೇನೆ, ನೀನು ನೂಲು ಕೊಡು, ರಾಗಿ ನಾನು ಅಳೆಯುತ್ತೇನೆ ಎಂದ. ಅವನು ಕೆಟ್ಟವನಲ್ಲ, ಎಲ್ಲರೂ ಹೇಳುವುದನ್ನೇ ಹೇಳಿದ. ಮಾರನೆಯ ದಿನ ಅವನು ಗಾಡಿ ಹೊಡೆದುಕೊಂಡು ಬಂದಾಗ ಲಿಂಗಮ್ಮ ಸೀರೆ ಎತ್ತಿ ಕಟ್ಟಿ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮಗ್ಗದ ಹಾಸುನೂಲಿಗೆ ಬಳಿದ ಹುಣಸೆಬೀಜದ ಗಂಜಿ ಇನ್ನೂ ಹಸಿಯಾಗಿತ್ತು.

“ಅತ್ತಿಗೆ, ಹೆಂಗಸ್ರು ಗುಂಡಿಗ್ ಇಳಿಯೋದುಂಟಾ?”

“ಇಳ್ದಿದೀನಲ್ಲ. ಕಾಣ್ಸಲ್ವಾ?”

ಅವಳ ಮೊದಲ ಕಂಬಳಿಗಳು ಸೊಟ್ಟಗಿದ್ದವು. ಬೀರೂರು ಸಂತೆಯಲ್ಲಿ ಅವನ್ನು ಎತ್ತಿ ಹಿಡಿದು ನಕ್ಕವರಿದ್ದರು. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಡೂರು, ತರೀಕೆರೆ, ಸಖರಾಯಪಟ್ಟಣದ ಸಂತೆಗಳಲ್ಲಿ ‘ಲಿಂಗಮ್ಮನ ಕಂಬಳಿ ಐತಾ’ ಎಂದು ಕೇಳಿಕೊಂಡು ಬರುವವರಾದರು. ಹೀಗೆ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದಳು. ಹಿರಿಯವಳು ಸಿದ್ದಮ್ಮ, ಕಿರಿಯವಳು ಯಲ್ಲಮ್ಮ.

ಸಿದ್ದಮ್ಮನನ್ನು ತರೀಕೆರೆಗೆ ಕೊಟ್ಟಿತ್ತು. ನಗುವಾಗ ಬಾಯಿಗೆ ಸೆರಗು ಒತ್ತಿಕೊಳ್ಳದೆ ಗಟ್ಟಿಯಾಗಿ ನಗುವ ಹುಡುಗಿ. ಜರ್ಮನಿಯ ಲಡಾಯಿ ಮುಗಿಯುವ ವರ್ಷ ಅವಳು ಚೊಚ್ಚಲ ಬಸುರಿ. ನೋವು ಶುರುವಾಗಿದೆ ಎಂದು ಸುದ್ದಿ ಬಂದು ಲಿಂಗಮ್ಮ ರೈಲು ಹಿಡಿದು ಬೀರೂರಿನಲ್ಲಿ ಬದಲಾಯಿಸಿ ತರೀಕೆರೆ ಮುಟ್ಟುವ ಹೊತ್ತಿಗೆ, ಸೂಲಗಿತ್ತಿ ಕೈ ತೊಳೆದುಕೊಂಡು ಜಗಲಿಗೆ ಬಂದು ಕೂತಿದ್ದಳು. ಕೂಸು ಅಡ್ಡ ತಿರುಗಿತ್ತು. ಅಳಿಯ ಓಡಿಹೋಗಿ ಡಾಕ್ಟರನ್ನು ಕರೆತಂದ.

ಡಾಕ್ಟರು ಜಟಕಾ ಇಳಿದು ಬಂದು ಅಂಗಳದ ನುಗ್ಗೆ ಮರದ ಕೆಳಗೆ ನಿಂತರು. ಹೊಸಿಲಿನಲ್ಲಿ ಸಿದ್ದಮ್ಮನ ಅತ್ತೆ ಎರಡೂ ಕೈ ಬಾಗಿಲಿಗೆ ಕೊಟ್ಟು ನಿಂತಿದ್ದಳು. ಪರಗಂಡಸು ಹೆರಿಗೆ ಕೋಣೆಗೆ ಬರುವ ಹಾಗಿಲ್ಲ ಎಂದಳು. ಡಾಕ್ಟರೂ ಬರುತ್ತೇನೆಂದು ಹಟ ಹಿಡಿಯಲಿಲ್ಲ. ಅಲ್ಲಿಂದಲೇ ಕೇಳಿದರು: ಮೈ ಬಿಸಿ ಇದೆಯೇ, ರಕ್ತ ಎಷ್ಟು ಹೋಗಿದೆ, ಮೊದಲು ಕಂಡದ್ದು ಕೈಯೋ ಕಾಲೋ. ಲಿಂಗಮ್ಮ ಪ್ರಶ್ನೆ ಹೊತ್ತು ಒಳಗೆ ಓಡುವಳು, ಉತ್ತರ ಹೊತ್ತು ಹೊರಗೆ ಓಡುವಳು. ಹೀಗೆ ಓಡಾಡುತ್ತ ಕೊನೆಯ ಸಲ ಒಳಗೆ ಹೋದಾಗ ಉತ್ತರ ಹೇಳಬೇಕಾದ ಮೈ ತಣ್ಣಗಾಗಿತ್ತು.

ಅವಳು ಹೊರಗೆ ಬಂದಳು. ಡಾಕ್ಟರು ಚೀಲದ ಬಾಯಿ ಮುಚ್ಚುತ್ತಿದ್ದರು.

“ಸ್ವಾಮಿ, ಡಾಕ್ಟ್ರು ಹೆಂಗಸ್ರು ಇರಲ್ವಾ?”

“ಬೆಂಗಳೂರಿನಲ್ಲಿ ಇದ್ದಾರಮ್ಮ.”

“ಅವ್ರು ಒಳೀಕ್ ಹೋಗ್ತಾರಾ?”

“ಹೋಗ್ತಾರೆ.”

“ಅವ್ರು ಡಾಕ್ಟ್ರು ಹೆಂಗಾದ್ರು?”

“ಓದಿದರು. ನೀನೀಗ ಒಳಗೆ ಹೋಗಮ್ಮ.”

“ಕೇಳಿದ್ದಕ್ ಹೇಳಿ ಸ್ವಾಮಿ. ನನ್ ಕಿರೀ ಮಗ್ಳೊಬ್ಳು ಅವ್ಳೆ. ಅವ್ಳು ಓದಿದ್ರೂ ಆಗ್ತಾಳಾ?”

ದುಃಖದಲ್ಲಿ ಇವಳ ಬುದ್ಧಿ ಕದಲಿದೆ ಎಂದುಕೊಂಡರು ಡಾಕ್ಟರು. “ಓದಿದರೆ ಆಗಬಹುದು” ಎಂದರು. ಅದನ್ನು ಕೇಳಿಸಿಕೊಂಡ ಮೇಲೆಯೇ ಲಿಂಗಮ್ಮ ಒಳಗೆ ಹೋಗಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತದ್ದು.

ಊರಿಗೆ ಮರಳಿದ ವಾರದಲ್ಲಿ, ಅಕ್ಷರ ಕಲಿತು ಶಾಲೆ ಬಿಟ್ಟಿದ್ದ ಯಲ್ಲಮ್ಮನನ್ನು ಕೈಹಿಡಿದುಕೊಂಡು ಅಜ್ಜಂಪುರದ ಶಾಲೆಗೆ ಹೋದಳು. ಅಲ್ಲಿನ ಮೇಷ್ಟ್ರು ದತ್ತಾತ್ರಿ, ಸಣ್ಣ ದನಿಯ ಮನುಷ್ಯ, ಯಾರಿಗೂ ಎದುರು ಮಾತಾಡಲಾರರು. ಹುಡುಗಿಯನ್ನು ಸೇರಿಸಿಕೊಳ್ಳಲು ಅವರಿಗೇನೂ ಅಡ್ಡಿ ಇರಲಿಲ್ಲ, ಆದರೆ ಮೇಲಿನ ತರಗತಿಗಳಲ್ಲಿ ಹೆಣ್ಣುಮಕ್ಕಳೇ ಇಲ್ಲ. ಬೆಂಚಿನ ಮೇಲೆ ಹುಡುಗರ ಪಕ್ಕ ಕೂರಿಸಿದರೆ ಊರವರು ಸುಮ್ಮನಿರುವುದಿಲ್ಲ ಎಂದು ಗೊಣಗಿದರು. ಲಿಂಗಮ್ಮ ಮನೆಗೆ ಹೋಗಿ ಒಂದು ತುಂಡು ಕಂಬಳಿ ತಂದು, ಕರಿಹಲಗೆಯ ಮುಂದೆ, ಎಲ್ಲ ಬೆಂಚುಗಳಿಗಿಂತ ಮುಂದೆ, ಹಾಸಿದಳು.

“ಬೆಂಚು ಬ್ಯಾಡ ಬಿಡಿ. ಇಲ್ಲಿಂದ ಚೆನ್ನಾಗ್ ಕಾಣ್ತೈತೆ.”

ಯಲ್ಲಮ್ಮ ಅಲ್ಲಿ ಕೂತು ಕಲಿತಳು. ತಾಯಿಗೆ ಓದು ಬರಹ ಬರುತ್ತಿರಲಿಲ್ಲವಾದ್ದರಿಂದ ಮಗಳು ಏನು ಓದುತ್ತಿದ್ದಾಳೆಂದು ತಿಳಿಯುವ ದಾರಿ ಒಂದೇ: ಸಂಜೆ ಮಗ್ಗದ ಪಕ್ಕ ಕೂರಿಸಿಕೊಂಡು ಕೇಳುವುದು. ಅರ್ಥವಾಗದಿದ್ದರೆ “ಇನ್ನೊಂದ್ಸಲ ಹೇಳು, ನನ್ ಮಂಡೆಗ್ ಹೋಗ್ಲಿಲ್ಲ” ಎನ್ನುವಳು. ಹೀಗೆ ತಾಯಿಗೆ ಬಿಡಿಸಿ ಹೇಳಿ ಹೇಳಿ ಮಗಳಿಗೆ ಪಾಠ ಗಟ್ಟಿಯಾಯಿತು. ಪ್ರೌಢಶಾಲೆಗೆ ಚಿಕ್ಕಮಗಳೂರಿಗೆ ಹೋಗಬೇಕಾಗಿ ಬಂದಾಗ, ದೂರದ ನೆಂಟರೊಬ್ಬರ ಹಿತ್ತಲ ಕೋಣೆ ಹಿಡಿದು ತಾಯಿಯೂ ಜೊತೆಗೆ ಹೋದಳು. ಮದುವೆಯ ವಯಸ್ಸು ಮೀರುತ್ತಿದೆ ಎಂದು ಕೇರಿಯವರು ಆಡಿಕೊಂಡರು. ಸಂಬಂಧ ಹಿಡಿದು ಬಂದವರಿಗೆ ಲಿಂಗಮ್ಮ ಮಜ್ಜಿಗೆ ಕೊಟ್ಟು ಕಳಿಸಿದಳು. ಪ್ರೌಢಶಾಲೆಯ ಹೆಡ್‌ಮೇಷ್ಟ್ರು ಒಮ್ಮೆ, ಪರೀಕ್ಷೆಗೆ ಕಟ್ಟುವಾಗ ಲಲಿತಾ ಎಂದೋ ವಿಮಲಾ ಎಂದೋ ಹೆಸರು ಬದಲಿಸಿಕೋ, ಮುಂದೆ ಅನುಕೂಲವಾಗುತ್ತದೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಯಲ್ಲಮ್ಮ ಯಲ್ಲಮ್ಮನೆಂದೇ ಬರೆದು ಪಾಸಾದಳು, ಗಣಿತ ವಿಜ್ಞಾನಗಳಲ್ಲಿ ಶಾಲೆಗೇ ಮೊದಲು.

ಸಾವಿರದ ಒಂಬೈನೂರ ಇಪ್ಪತ್ತಾರರ ಬೇಸಗೆಯಲ್ಲಿ ದತ್ತಾತ್ರಿ ಮೇಷ್ಟ್ರು ಗೆಜೆಟ್ಟು ಹಿಡಿದುಕೊಂಡು ಅಜ್ಜಂಪುರಕ್ಕೆ ಮರಳಿದ್ದ ತಾಯಿ ಮಗಳ ಮನೆಗೆ ಬಂದರು. ಹಿಂದುಳಿದ ಜನಾಂಗಗಳಿಂದ ಜಿಲ್ಲೆಗೊಬ್ಬ ಅಭ್ಯರ್ಥಿಯನ್ನು ಆರಿಸಿ, ವಿದ್ಯಾರ್ಥಿವೇತನ ಕೊಟ್ಟು, ರಾಜಧಾನಿಯ ವೈದ್ಯಶಾಲೆಗೆ ಕಳಿಸುವರಂತೆ. ಜಿಲ್ಲೆಯ ಮುಖ್ಯಪಟ್ಟಣ ಚಿಕ್ಕಮಗಳೂರಾದರೂ ಕಡೂರು ಜಿಲ್ಲೆಯ ಸಮಿತಿ ರೈಲಿನ ಅನುಕೂಲಕ್ಕಾಗಿ ಕಡೂರಿನ ಮುಸಾಫರಿ ಬಂಗಲೆಯಲ್ಲಿ ಎರಡು ದಿನ ಸೇರುತ್ತದೆ. ಒಂದು ಷರತ್ತು: ಜಿಲ್ಲೆಯಲ್ಲಿ ಕಂದಾಯ ಕಟ್ಟುವ ಇಬ್ಬರು ಖಾತೆದಾರರು ಖುದ್ದಾಗಿ ಬಂದು ಅಭ್ಯರ್ಥಿಯ ನಡತೆಗೂ ಮನೆತನಕ್ಕೂ ಜಾಮೀನು ನಿಲ್ಲಬೇಕು.

ಅಜ್ಜಂಪುರದ ಇಬ್ಬರು ಖಾತೆದಾರರು ಬರುತ್ತೇವೆಂದು ಒಪ್ಪಿಕೊಂಡರು. ಹೊರಡುವ ಬೆಳಿಗ್ಗೆ ಸ್ಟೇಷನ್ನಿಗೆ ಇಬ್ಬರೂ ಬರಲಿಲ್ಲ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬ ಎತ್ತು ಕೊಳ್ಳಲು ಹೋಗಿದ್ದಾನೆ. ನಿಜವಾದ ಕಾರಣ ಕೇರಿಗೆಲ್ಲ ಗೊತ್ತಿತ್ತು. ತರೀಕೆರೆಯ ಅಡಿಕೆ ಸಾಹುಕಾರ ಶಿವಮೂರ್ತಪ್ಪ ಆ ಸಮಿತಿಯ ಸದಸ್ಯ. ಅವನ ತಂಗಿಯ ಮಗ ತೀರ್ಥಪ್ಪ ಅದೇ ಜಾಗಕ್ಕೆ ಅರ್ಜಿ ಹಾಕಿದ್ದ. ಅಜ್ಜಂಪುರದ ಹತ್ತಿಗೆ ಮುಂಗಡ ಕೊಡುತ್ತಿದ್ದವನೂ ಅದೇ ಶಿವಮೂರ್ತಪ್ಪ. ಅವನು ಯಾರನ್ನೂ ಹೆದರಿಸಿರಲಿಲ್ಲ. ಹೆದರಿಸಬೇಕಾಗಿಯೇ ಇರಲಿಲ್ಲ.

ತಾಯಿ ಮಗಳು ಇಬ್ಬರೇ ಕಡೂರಿಗೆ ಹೋದರು. ಸಮಿತಿಯ ಅಧ್ಯಕ್ಷರು ಲಕ್ಷ್ಮೀಪತಿರಾಯರು, ಚಿಕ್ಕಮಗಳೂರಿನ ಕಚೇರಿಯ ದೊಡ್ಡ ಅಧಿಕಾರಿ. ನಿಯಮವೆಂದರೆ ನಿಯಮ ಎನ್ನುವ ಜಾತಿಯ ಮನುಷ್ಯ. ಲಂಚ ಮುಟ್ಟಿದವರಲ್ಲ, ಕನಿಕರದಿಂದ ಕೆಟ್ಟವರೂ ಅಲ್ಲ. ಅವರ ಒಂದು ಪಕ್ಕ ಅಮಲ್ದಾರರು, ಇನ್ನೊಂದು ಪಕ್ಕ ಶಿವಮೂರ್ತಪ್ಪ.

“ಜಾಮೀನುದಾರರು ಎಲ್ಲಿ?” ರಾಯರು ಕೇಳಿದರು.

“ಬರ್ಲಿಲ್ಲ ಸ್ವಾಮಿ.”

“ಹಾಗಾದರೆ ನಾನು ಇವಳ ವಿಚಾರಣೆ ಮಾಡುವುದಕ್ಕೇ ಬರುವುದಿಲ್ಲ. ನಾಳೆ ಮಧ್ಯಾಹ್ನದವರೆಗೆ ಸಮಿತಿ ಇರುತ್ತದೆ.”

ಶಿವಮೂರ್ತಪ್ಪ ಮೆತ್ತಗೆ ಹೇಳಿದ: “ಅಮ್ಮಾ, ಇದು ನಿನ್ನಂಥೋರು ತಲೆ ಕೆಡಿಸ್ಕೊಳೋ ವಿಷ್ಯ ಅಲ್ಲ. ಮಗ್ಳಿಗೆ ಒಂದು ಗಂಡು ನೋಡು. ಮದ್ವೆ ಖರ್ಚಿಗೆ ಬೇಕಾದ್ರೆ ನನ್ ಹತ್ರ ಬಾ.”

ಲಿಂಗಮ್ಮ ಅವನನ್ನು ಬಿಟ್ಟು ಲಕ್ಷ್ಮೀಪತಿರಾಯರ ಕಡೆ ತಿರುಗಿದಳು.

“ಸ್ವಾಮಿ, ಆ ರೂಲಲ್ಲಿ ಖಾತೆದಾರ್ರು ಅಂದ್ರೆ ಗಂಡಸ್ರು ಅಂತ್ಲೇ ಬರ್ದೈತಾ?”

ರಾಯರು ಕಾಗದ ನೋಡಿದರು. ಇನ್ನೊಮ್ಮೆ ನೋಡಿದರು. “ಹಾಗೇನೂ ಬರೆದಿಲ್ಲ.”

“ಅಷ್ಟ್ ಸಾಕು” ಎಂದು ಮಗಳ ತೋಳು ಹಿಡಿದು ಮೆಟ್ಟಿಲಿಳಿದಳು.

ಕಡೂರಿನ ಕೋಟೆ ಕಡೆಯ ಬೀದಿಯಲ್ಲಿ ರಂಗನಾಯಕಿ ಎಂಬ ಬ್ರಾಹ್ಮಣ ವಿಧವೆ ಇದ್ದಳು. ಹದಿನಾರಕ್ಕೇ ತಲೆ ಬೋಳಿಸಿಕೊಂಡವಳು; ಈಗ ಐವತ್ತು ದಾಟಿತ್ತು. ಗಂಡನ ತೆಂಗಿನ ತೋಟವನ್ನು ಭಾವಂದಿರು ನುಂಗಲು ಬಂದಾಗ ಕೋರ್ಟಿಗೆ ಹೋಗಿ ಉಳಿಸಿಕೊಂಡಿದ್ದಳು. ಖಾತೆ ಅವಳದೇ ಹೆಸರಿನಲ್ಲಿತ್ತು. ಉಣ್ಣೆಗೆ ಮೈಲಿಗೆ ಇಲ್ಲವೆಂದು ಮಡಿಗೆ ಕೂರಲು ಪ್ರತಿವರ್ಷ ಲಿಂಗಮ್ಮನಿಂದಲೇ ಸಣ್ಣ ಕಂಬಳಿ ಕೊಳ್ಳುತ್ತಿದ್ದಳು. ಆ ವ್ಯಾಪಾರದ ನಡುವೆ ಇಬ್ಬರಿಗೂ ಮಾತು ಬೆಳೆದಿತ್ತು. ಒಬ್ಬಳು ಒಳಗಿನ ಹೊಸಿಲಲ್ಲಿ, ಒಬ್ಬಳು ಹೊರಗಿನ ಕಟ್ಟೆಯಲ್ಲಿ.

ಲಿಂಗಮ್ಮ ನಡೆದದ್ದನ್ನೆಲ್ಲ ಹೇಳಿದಳು. ರಂಗನಾಯಕಿ ಬತ್ತಿ ಹೊಸೆಯುತ್ತ ಕೇಳಿದಳು.

“ಹಗಲು ಹೊತ್ತಿನಲ್ಲಿ ಬೀದಿಗೆ ಇಳಿದು ನನಗೆ ಅಭ್ಯಾಸ ತಪ್ಪಿದೆ ಕಣೇ. ನಮ್ಮವರ ಎದುರಿಗೆ ಅಪಶಕುನದ ಹಾಗೆ ಹೋಗೋದು ಯಾಕೆ ಅಂತ ಸಂಜೆ ಮಬ್ಬಿನಲ್ಲೇ ಕೆರೆಗೆ ಹೋಗಿ ಬರೋದು.”

“ಹಂಗಾರೆ ಬ್ಯಾಡ್ವಾ ಅಮ್ಮಾ?”

“ಬೇಡ ಅಂದೆನೇ? ಕೊಡೆ ಎಲ್ಲಿಟ್ಟಿದೀನಿ ಅಂತ ನೆನಪು ಮಾಡಿಕೊಳ್ತಿದೀನಿ.”

ಎರಡನೆಯವಳು ಸಖರಾಯಪಟ್ಟಣದ ಹಾಲಮ್ಮ. ಹೊಲ, ತೆಂಗು, ಜೋಡಿ ಎತ್ತು ಎಲ್ಲವನ್ನೂ ಗಂಡ ಸತ್ತ ಮೇಲೆ ತಾನೇ ಸುಧಾರಿಸಿಕೊಂಡು ಬಂದಿದ್ದ ಗಟ್ಟಿಗಿತ್ತಿ. ಸಂತೆಯಲ್ಲಿ ಅವಳ ಗಂಟಲು ಕೇಳಿದರೆ ದಲ್ಲಾಳಿಗಳು ದಾರಿ ಬದಲಿಸುತ್ತಿದ್ದರು. ಅತ್ತ ಕಡೆ ಹೊರಟಿದ್ದ ಕೊಬ್ಬರಿ ಗಾಡಿಯವನ ಕೈಯಲ್ಲಿ ಲಿಂಗಮ್ಮ ಹೇಳಿಕಳಿಸಿದಳು. ಹಾಲಮ್ಮ ಬರುತ್ತಾಳೋ ಇಲ್ಲವೋ ತಿಳಿಯುವ ಬಗೆ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಬಂಗಲೆಯ ಅಂಗಳದಲ್ಲಿ ಜಮೀನು ತಕರಾರಿನವರು, ದರಖಾಸ್ತು ಕೇಳಲು ಬಂದವರು, ಅಮಲ್ದಾರರಿಗಾಗಿ ಕಾದವರು ತುಂಬಿದ್ದರು. ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದು, ಹರಕು ಕೊಡೆ ಬಿಚ್ಚಿಕೊಂಡು ರಂಗನಾಯಕಿ ನಡೆದು ಬಂದಾಗ ಆ ಗುಂಪು ತಾನಾಗಿ ಇಬ್ಭಾಗವಾಯಿತು. ಯಾರೋ “ಥೂ, ಬೆಳಿಗ್ಗೆ ಬೆಳಿಗ್ಗೆ” ಎಂದರು. ಅವಳು ಕೊಡೆ ಮಡಿಸಿ ಅವರತ್ತ ತಿರುಗಿ “ಯಾರಪ್ಪಾ ಅದು, ಗಟ್ಟಿಯಾಗಿ ಹೇಳು” ಎಂದಳು.

ಹಾಲಮ್ಮನ ಸುಳಿವಿಲ್ಲ. ಹೊತ್ತು ಏರಿತು. ಒಳಗೆ ತೀರ್ಥಪ್ಪನ ವಿಚಾರಣೆ ಮುಗಿದು ಅವನು ಜಗಲಿಯ ಕಂಬಕ್ಕೆ ಒರಗಿ ನಿಂತ. ಬಿಳಿ ಕೋಟಿನ, ಸಂಕೋಚದ ಹುಡುಗ. ಯಲ್ಲಮ್ಮನನ್ನು ನೋಡಿ ಸರಿದು ನೆರಳಿನ ಜಾಗ ಬಿಟ್ಟುಕೊಟ್ಟ. ಕೊನೆಗೆ ಚಿಕ್ಕಮಗಳೂರು ರಸ್ತೆಯಲ್ಲಿ ಧೂಳೆದ್ದಿತು. ಗಾಡಿಯ ಮೂಕಿಯ ಮೇಲೆ ತಾನೇ ಕೂತು ಎತ್ತು ಹೊಡೆದುಕೊಂಡು ಬಂದ ಹಾಲಮ್ಮ ಹಗ್ಗವನ್ನು ಬಂಗಲೆಯ ಬೇಲಿಗೇ ಕಟ್ಟಿದಳು.

“ಹಳ್ಳದಲ್ ಚಕ್ರ ಹೂತ್ಕಂಡಿತ್ತು ಕಣೇ. ಎಲ್ಲವ್ರೆ ಆ ದೊಡ್ ಮನ್ಸ್ರು?”

ಒಳಗೆ ಹೋದರು. ಲಕ್ಷ್ಮೀಪತಿರಾಯರು ಮೂವರು ಹೆಂಗಸರನ್ನೂ ಹುಡುಗಿಯನ್ನೂ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಅಮಲ್ದಾರರು ನೆಲ ನೋಡಿದರು. ಇಬ್ಬರ ಕಂದಾಯವನ್ನೂ ಪ್ರತಿವರ್ಷ ವಸೂಲು ಮಾಡುತ್ತಿದ್ದವರು ಅವರೇ.

“ಹೆಂಗಸರ ಜಾಮೀನು ನಡೆಯೋದಿಲ್ಲ ಸ್ವಾಮಿ. ಇದು ಸರಿಯಲ್ಲ” ಎಂದ ಶಿವಮೂರ್ತಪ್ಪ.

“ಯಾಕ್ ನಡೆಯಲ್ಲ?” ಹಾಲಮ್ಮ ಕೇಳಿದಳು. “ನನ್ ಕಂದಾಯದ್ ದುಡ್ಡು ನಡೀತೈತೆ. ಇದು ಹೆಂಗಸಿನ್ ದುಡ್ಡು ಅಂತ ಒಂದ್ ವರ್ಷಾನೂ ವಾಪಸ್ ಕಳಿಸ್ಲಿಲ್ವಲ್ಲ, ಕೇಳಿ ಅಮಲ್ದಾರ್ರನ್ನ.”

ಲಕ್ಷ್ಮೀಪತಿರಾಯರು ಕೇಳಲಿಲ್ಲ. ಕಾಗದದ ಮೇಲೆ ಎರಡು ಹೆಸರನ್ನೂ ಬರೆದುಕೊಂಡರು. ನಿಯಮದ ಮನುಷ್ಯನನ್ನು ನಿಯಮವೇ ಕಟ್ಟಿಹಾಕಿತ್ತು. ಆದರೂ ಅವರ ಮನಸ್ಸು ಒಪ್ಪಿರಲಿಲ್ಲ.

“ನೋಡಿ, ಸರ್ಕಾರ ಇಷ್ಟು ಖರ್ಚು ಮಾಡಿ ಓದಿಸುತ್ತದೆ. ನಾಳೆ ಈ ಹುಡುಗಿ ಮದುವೆಯಾಗಿ ಹೋದರೆ?”

ಉತ್ತರ ಕೊಟ್ಟವಳು ರಂಗನಾಯಕಿ. “ಆ ಹುಡುಗನೂ ಮದುವೆಯಾಗ್ತಾನೆ ರಾಯರೇ. ಅವನನ್ನು ಈ ಪ್ರಶ್ನೆ ಕೇಳಿದಿರಾ?”

ರಾಯರು ಆ ದನಿ ಬಂದ ಕಡೆ ಒಮ್ಮೆ ನೋಡಿ ಕಣ್ಣು ಸರಿಸಿದರು. “ಡಾಕ್ಟರ್ ಯಲ್ಲಮ್ಮ” ಎಂದು ಶಿವಮೂರ್ತಪ್ಪ ಪಕ್ಕದವರಿಗೆ ಕೇಳಿಸುವಂತೆ ಹೇಳಿ ನಕ್ಕ. ಆಗ ಯಲ್ಲಮ್ಮ ಮೊದಲ ಸಲ ಬಾಯಿ ಬಿಟ್ಟಳು.

“ಹೆಸರು ಕೇಳಿ ಜ್ವರ ಇಳಿಯೋದಿಲ್ಲ ಸ್ವಾಮಿ. ಔಷಧಿ ಕೊಡಬೇಕು.”

ಲಕ್ಷ್ಮೀಪತಿರಾಯರ ತುಟಿ ಸ್ವಲ್ಪ ಸಡಿಲವಾಯಿತು. ಇಂಗ್ಲಿಷಿನಲ್ಲಿ ಅವಳನ್ನು ಪ್ರಶ್ನೆ ಕೇಳತೊಡಗಿದರು. ಅವಳು ಇಂಗ್ಲಿಷಿನಲ್ಲೇ ಉತ್ತರಿಸಿದಳು. ನಡುವೆ ಒಂದೆರಡು ಕಡೆ ತಡವರಿಸಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಲಿಂಗಮ್ಮನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳು ಮಗಳ ಕೈಯನ್ನೇ ನೋಡುತ್ತಿದ್ದಳು. ಹುಡುಗಿಯ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿತ್ತು. ಉತ್ತರಗಳು ಸಾಗಿದ ಹಾಗೆ ಆ ಬೆರಳು ನಿಂತಿತು. ತಾಯಿಗೆ ಅಷ್ಟು ಸಾಕಾಯಿತು.

“ರಾಜಧಾನಿಯಲ್ಲಿ ಎಲ್ಲಿ ಇರುತ್ತಾಳೆ?”

“ನಾನೂ ಜತೀಗ್ ಹೋಗ್ತೀನಿ. ಮಗ್ಗ ಬಿಚ್ಕಂಡು ರೈಲಿಗ್ ಹಾಕಿದ್ರಾಯ್ತು.”

ಸಮಿತಿಯ ಮೂವರೂ ತಲೆ ಕೂಡಿಸಿ ಮಾತಾಡಿಕೊಂಡರು. ಆಮೇಲೆ ಅಮಲ್ದಾರರು ಗಂಟಲು ಸರಿಮಾಡಿಕೊಂಡು, ತೀರ್ಥಪ್ಪನ ಹೆಸರನ್ನು ಮೊದಲನೆಯದಾಗಿಯೂ ಯಲ್ಲಮ್ಮನ ಹೆಸರನ್ನು ಎರಡನೆಯದಾಗಿಯೂ ಶಿಫಾರಸು ಮಾಡುವುದೆಂದು ಸಮಿತಿ ಯೋಚಿಸಿದೆ ಎಂದರು.

“ಜಿಲ್ಲೇಗ್ ಒಬ್ರು ಅಂದ್ರಿ. ಎರಡ್ನೇದು ಅಂದ್ರೆ ಏನು?” ಲಿಂಗಮ್ಮ ಕೇಳಿದಳು.

“ಮೊದಲನೆಯವನು ಹೋಗದಿದ್ದರೆ...”

“ಹೋಗ್ದೆ ಇರ್ತಾನಾ? ಹಂಗಾರೆ ಇಲ್ಲ ಅಂತ ನೆಟ್ಟಗ್ ಹೇಳಿ. ಯಾಕಿಲ್ಲ ಅಂತ್ಲೂ ಹೇಳಿ. ಜಾಮೀನು ಅಂದ್ರಿ, ಕರ್ಕಂಡ್ ಬಂದೆ. ಮದ್ವೆ ಅಂದ್ರಿ, ಇರೋ ಜಾಗ ಅಂದ್ರಿ, ಅದ್ಕೂ ಜವಾಬು ಹೇಳಿದ್ವಿ. ಇನ್ನೇನ್ ಉಳೀತು? ಮಾರ್ಕು. ಆ ಹುಡ್ಗನ್ ಮಾರ್ಕೂ ನನ್ ಮಗ್ಳ್ ಮಾರ್ಕೂ ಓದಿ. ಬಾಗ್ಲು ತೆಗ್ದು ಗಟ್ಟಿಯಾಗ್ ಓದಿ. ಅವಂದು ಮೇಲಿದ್ರೆ ಸತ್ಯವಾಗ್ಲೂ ಹೊರಟೋಗ್ತೀನಿ.”

“ಹಾಗೆಲ್ಲ ಓದುವ ಪದ್ಧತಿ ಇಲ್ಲ” ಎಂದ ಶಿವಮೂರ್ತಪ್ಪ.

ಹಾಲಮ್ಮ ಆಗಲೇ ಬಾಗಿಲು ತೆಗೆದಾಗಿತ್ತು. ಅಂಗಳದ ಜನ ಜಗಲಿಗೆ ಏರಿದರು. ಅರ್ಧಕ್ಕರ್ಧ ಜನಕ್ಕೆ ಒಳಗೆ ನಡೆಯುತ್ತಿರುವುದೇನೆಂದು ಗೊತ್ತಿಲ್ಲ, ಆದರೂ ಕಿವಿಗೊಟ್ಟರು. ಲಕ್ಷ್ಮೀಪತಿರಾಯರು ಎರಡು ಕಾಗದಗಳನ್ನು ಕೈಗೆತ್ತಿಕೊಂಡರು. ಅವರು ಓದುವ ಮೊದಲೇ ಜಗಲಿಯಿಂದ ತೀರ್ಥಪ್ಪನ ದನಿ ಬಂತು.

“ನಂದು ಕಡಿಮೆ, ಮಾವ. ಬಹಳ ಕಡಿಮೆ.”

ಶಿವಮೂರ್ತಪ್ಪ ಪೇಟ ಸರಿಮಾಡಿಕೊಂಡು ಎದ್ದು ಹೊರಗೆ ಹೋದ. ರಾಯರು ವಿಷಯ ವಿಷಯವಾಗಿ ಇಬ್ಬರ ಅಂಕಗಳನ್ನೂ ಓದಿದರು. ಓದಿ ಮುಗಿಸಿ, ಮೊದಲು ಬರೆದಿದ್ದ ಹಾಳೆಯನ್ನು ಹರಿದು ಬೇರೆ ಹಾಳೆ ತೆಗೆದುಕೊಂಡು, ಒಂದೇ ಹೆಸರು ಬರೆದರು.

ಅಲ್ಲಿಗೆ ಕಷ್ಟ ಮುಗಿಯಿತು ಎಂದು ಲಿಂಗಮ್ಮ ಅಂದುಕೊಂಡಿದ್ದರೆ ಅದು ತಪ್ಪಾಗುತ್ತಿತ್ತು. ಅವಳು ಹಾಗೆ ಅಂದುಕೊಳ್ಳಲಿಲ್ಲ. ಮಗ್ಗ ಬಿಚ್ಚಿ ರೈಲಿಗೆ ಹಾಕಿದಳು. ರಾಜಧಾನಿಯಲ್ಲಿ ಹೆಣ ಕೊಯ್ಯುವ ಹುಡುಗಿಗೆ ಮನೆ ಕೊಡುವವರು ಸಿಗಲಿಲ್ಲ. ಕೊನೆಗೆ ಜಟಕಾ ಕುದುರೆಗಳ ಲಾಯದ ಪಕ್ಕದ ಕೊಟ್ಟಿಗೆಯೊಂದು ಸಿಕ್ಕಿತು. ಗುಂಡಿ ತೋಡಲು ಮಾಲೀಕ ಒಪ್ಪದ್ದರಿಂದ ಲಿಂಗಮ್ಮ ಸುತ್ತ ಮಣ್ಣು ಏರಿಸಿ ಮಗ್ಗ ಕೂರಿಸಿಕೊಂಡಳು. ಯಲ್ಲಮ್ಮ ಕುದುರೆಗಳ ಕೆನೆತದ ನಡುವೆ ಎಲುಬುಗಳ ಹೆಸರು ಬಾಯಿಪಾಠ ಮಾಡಿದಳು. ಸಹಪಾಠಿಗಳಲ್ಲಿ ಕೆಲವರು ಅವಳನ್ನು ‘ಕಂಬಳಿ’ ಎಂದು ಕರೆಯುತ್ತಿದ್ದರು. ಅವಳು ಚಳಿಗಾಲದಲ್ಲಿ ನಿಜವಾಗಿಯೇ ಕಂಬಳಿ ಹೊದ್ದು ತರಗತಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಳು.

ಎರಡನೆಯ ವರ್ಷದ ಪರೀಕ್ಷೆಯಲ್ಲಿ ಯಲ್ಲಮ್ಮ ಒಂದು ವಿಷಯದಲ್ಲಿ ಫೇಲಾದಳು. ವಿದ್ಯಾರ್ಥಿವೇತನ ನಿಂತಿತು. ಆ ದಿನ ಅವಳು ಬಂದು ಕೊಟ್ಟಿಗೆಯ ಮೂಲೆಯಲ್ಲಿ ಕೂತು, ಊರಿಗೆ ಹೋಗೋಣ ನಡಿ ಅವ್ವ, ಎಲ್ಲರೂ ಹೇಳಿದ್ದು ನಿಜವಾಯ್ತು ಎಂದು ಅತ್ತಳು.

“ನಿನ್ ಕ್ಲಾಸಲ್ಲಿ ಇನ್ಯಾರೂ ಫೇಲಾಗ್ಲಿಲ್ವಾ?”

“ಆದ್ರು. ವಕೀಲರ ಮಗ ಒಬ್ಬ, ಡಾಕ್ಟ್ರ ಮಗ ಒಬ್ಬ.”

“ಅವ್ರು ಊರಿಗ್ ಹೊರಟ್ರಾ?”

“ಇಲ್ಲ. ಇನ್ನೊಂದ್ಸಲ ಕಟ್ತಾರೆ.”

“ಹಂಗಾರೆ ನೀನೂ ಕಟ್ಟು. ಫೇಲಾಗೋ ಹಕ್ಕು ಅವ್ರಿಗ್ ಮಾತ್ರ ಬರ್ಕೊಟ್ಟೈತಾ?” ಎಂದು ಮತ್ತೆ ಲಾಳಿ ಎಸೆದಳು. ಸ್ವಲ್ಪ ಹೊತ್ತಿನ ಮೇಲೆ ತಿರುಗದೆಯೇ ಹೇಳಿದಳು: “ಯಾವ್ದು ಬರ್ಲಿಲ್ವೋ ಅದ್ನ ನಂಗೆ ಹೇಳು. ನಂಗ್ ತಿಳಿಯೋ ಹಂಗೆ ಹೇಳು.”

ವೇತನಕ್ಕಾಗಿ ಲಿಂಗಮ್ಮ ಕಚೇರಿಗಳ ಮೆಟ್ಟಿಲು ಹತ್ತಿದಳು. ಅದು ಮತ್ತೆ ಬರಲಿಲ್ಲ. ಕಡೂರಿನಿಂದ ರೈಲಿನಲ್ಲಿ ಹಾಲಮ್ಮ ಕಳಿಸಿದ ರಾಗಿ ಬರುತ್ತಿತ್ತು. ರಂಗನಾಯಕಿ ಬಂಗಲೆಗೆ ಹೋದದ್ದಕ್ಕೆ ಅವಳ ಬೀದಿಯವರು ಪುರೋಹಿತರನ್ನು ಕಳಿಸದೆ ಶಿಕ್ಷೆ ಕೊಟ್ಟಿದ್ದರು. ಅವಳು ಗಂಡನ ತಿಥಿಗೆ ಇಡುತ್ತಿದ್ದ ಅಕ್ಕಿಯನ್ನು ಯಲ್ಲಮ್ಮನಿಗೆ ಕಳಿಸತೊಡಗಿದಳು. ಮರುಪರೀಕ್ಷೆಯಲ್ಲಿ ಯಲ್ಲಮ್ಮ ಪಾಸಾದಳು, ಮುಂದಿನದರಲ್ಲೂ, ಅದರ ಮುಂದಿನದರಲ್ಲೂ. ತನ್ನ ಮನೆಯ ದುಡ್ಡಿನಲ್ಲಿ ಓದಲು ಬಂದ ತೀರ್ಥಪ್ಪ ಅವಳಿಗಿಂತ ಒಂದು ವರ್ಷ ಹಿಂದಿದ್ದ. ತನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಟಿಪ್ಪಣಿಗಳನ್ನೂ ಯಲ್ಲಮ್ಮ ಅವನಿಗೆ ಕೊಡುತ್ತಿದ್ದಳು.

ಡಾಕ್ಟರಾದ ಯಲ್ಲಮ್ಮನನ್ನು ಸರ್ಕಾರ ತರೀಕೆರೆಗೆ ಹಾಕಲಿಲ್ಲ, ಅಜ್ಜಂಪುರಕ್ಕೂ ಹಾಕಲಿಲ್ಲ. ಎಲ್ಲೋ ಕಾವೇರಿಯ ಕಡೆಯ ಊರಿಗೆ ಹಾಕಿತು. ಲಿಂಗಮ್ಮನಿಗೆ ಅದು ಸಂಕಟದ ವಿಷಯವಾಗಿ ಉಳಿಯಿತು. ಮಗಳ ಜೊತೆ ಹೋಗಿ ಇರಲು ಅವಳು ಒಪ್ಪಲಿಲ್ಲ. ಮಗ್ಗ ತಂದು ಅಜ್ಜಂಪುರದ ಹಳೆಯ ಗುಂಡಿಯಲ್ಲೇ ಇಳಿಸಿದಳು. ಮಗಳು ರಜೆಗೆ ಊರಿಗೆ ಬಂದಾಗ ಹಿರಿಯರು ಶಾಲೆಯ ಮುಂದೆ ಒಂದು ಸಭೆ ಮಾಡಿದರು. ಹೊರಗಿನಿಂದ ಬಂದ ಭಾಷಣಕಾರರೊಬ್ಬರು, ಸರ್ಕಾರದ ದಯೆಯಿಂದ ಕುರುಬರ ಹುಡುಗಿಯೊಬ್ಬಳು ಡಾಕ್ಟರಾದಳು ಎಂದು ಶುರುಮಾಡಿದರು. ಹೆಂಗಸರ ಸಾಲಿನಿಂದ ಲಿಂಗಮ್ಮ ಎದ್ದು ನಿಂತಳು.

“ದಯೆ ಯಾರ್ದೂ ಇಲ್ಲ ಸ್ವಾಮಿ. ಅವ್ಳು ಪರೀಕ್ಷೆ ಕಟ್ಟಿದ್ಳು, ಪಾಸಾದ್ಳು. ದಯೆ ಮಾಡೋದಾದ್ರೆ ಇಲ್ಲೊಂದ್ ಹೆಂಗಸ್ರ ಆಸ್ಪತ್ರೆ ಮಾಡಿ.”

ಸಭೆ ಗುಜುಗುಟ್ಟಿತು. ದತ್ತಾತ್ರಿ ಮೇಷ್ಟ್ರು ಎಂದೂ ಎದುರು ಮಾತಾಡದವರು, ಕೂತಲ್ಲೇ ಚಪ್ಪಾಳೆ ತಟ್ಟಿದರು. ತಟ್ಟಿದ್ದು ತಾವೊಬ್ಬರೇ ಎಂದು ಗೊತ್ತಾದ ಮೇಲೂ ನಿಲ್ಲಿಸಲಿಲ್ಲ.

ಆಸ್ಪತ್ರೆ ಅವಳಿರುವವರೆಗೆ ಆಗಲಿಲ್ಲ. ಕಡೂರಿನ ಸಮಿತಿಯವರು ಮಾತ್ರ ಖಾತೆದಾರರ ಜಾಮೀನಿನ ನಿಯಮದಲ್ಲಿ ‘ಪುರುಷ’ ಎಂಬ ಒಂದು ಪದ ಸೇರಿಸಿದ್ದರು. ಅದನ್ನು ಮೇಷ್ಟ್ರಿಂದ ಕೇಳಿ ತಿಳಿದ ಲಿಂಗಮ್ಮ, “ಹೆದರ್ಕಂಡವ್ರೆ” ಎಂದಷ್ಟೇ ಹೇಳಿದಳು.

ಮುಂದಿನ ಬೇಸಗೆಯಲ್ಲಿ ಅವಳು ಬೀರೂರು ರಸ್ತೆಯ ಮಡಿವಾಳ ಹನುಮಂತಪ್ಪನ ಮನೆಗೆ ಹೋದಳು. ಅವನ ಮಗಳು ಶಾಲೆಯಲ್ಲಿ ಚೆನ್ನಾಗಿ ಓದುತ್ತಾಳೆಂದೂ ಅಪ್ಪ ಬಿಡಿಸಿಬಿಟ್ಟಿದ್ದಾನೆಂದೂ ಕೇಳಿದ್ದಳು. ಹನುಮಂತಪ್ಪ ಒಗೆದ ಬಟ್ಟೆ ಗಂಟು ಕಟ್ಟುತ್ತಿದ್ದ.

“ನಮ್ಗ್ಯಾಕವ್ವಾ ಅದೆಲ್ಲ? ನಿನ್ ಥರ ಜಗಳ ಆಡೋಕ್ ನನ್ ಕೈಲಿ ಆಗಲ್ಲ.”

“ನೀನ್ ಆಡ್ಬ್ಯಾಡ. ನಾನ್ ಆಡ್ತೀನಿ. ನೀನು ಹುಡ್ಗೀನ ಕಳ್ಸು.”

“ಆಗಲ್ಲ ಕಣವ್ವ.”

ಲಿಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ಮಡಿಲಿನಿಂದ ಉಣ್ಣೆಯನ್ನೂ ಕದಿರನ್ನೂ ತೆಗೆದು ನೂಲತೊಡಗಿದಳು. ಹನುಮಂತಪ್ಪ ಗಂಟು ಹೊತ್ತು ಕೆರೆಗೆ ಹೋದ. ಬಿಸಿಲು ಇಳಿಯುವ ಹೊತ್ತಿಗೆ ಮರಳಿದಾಗಲೂ ಅವಳು ಅಲ್ಲೇ ಇದ್ದಳು. ಹುಡುಗಿ ಅವಳ ಎದುರಿಗೆ ಕೂತು ಪಾಠವೊಂದನ್ನು ಬಿಡಿಸಿ ಹೇಳುತ್ತಿದ್ದಳು. ಅವನು ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡ. ಆಮೇಲೆ ಹೆಗಲ ಮೇಲಿನ ಗಂಟನ್ನು ಕೆಳಗಿಳಿಸಿ, ಒಳಗೆ ಹೋಗಿ ಅವಳಿಗೊಂದು ಚೊಂಬು ನೀರು ತಂದುಕೊಟ್ಟ.